ಬೋರ್ಡ್ ಕೆಳಗಿನ ಲೆಕ್ಕ

ತಾಲ್ಲೂಕು ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿದ ಮೇಲೆ ಸೋತ ತಂಡದ ಪಕ್ಕ ನಿಂತರೆ ಕಿವಿಗೆ ಬೀಳುವ ಮಾತು ಹೆಚ್ಚುಕಮ್ಮಿ ಒಂದೇ. “ಬಾಲೆಲ್ಲಾ ಅವ್ರ ಕೈಗೇ ಹೋಯ್ತು ಕಣ್ರೋ. ಒಬ್ಬನಾದ್ರೂ ನೆಗೆದ್ನಾ?” ಮೇಷ್ಟ್ರು ಗದರುತ್ತಾರೆ, ಹುಡುಗರು ತಲೆ ತಗ್ಗಿಸಿ ಶೂ ಲೇಸು ಬಿಚ್ಚುತ್ತಾರೆ. ಮರುದಿನದ ಅಭ್ಯಾಸದಲ್ಲಿ ನೆಗೆಯುವ ಕಸರತ್ತು ಶುರುವಾಗುತ್ತದೆ. ರಾಮನಗರವಾಗಲಿ ಚನ್ನಪಟ್ಟಣವಾಗಲಿ, ಕನಕಪುರವಾಗಲಿ ಮಾಗಡಿಯಾಗಲಿ, ‘ನಮ್ಮ ರೀಬೌಂಡ್ ವೀಕು’ ಎಂಬ ತೀರ್ಪು ಬಲು ಸಲೀಸಾಗಿ ಹೊರಬೀಳುತ್ತದೆ. ಅದು ನಿಜವೇ ಎಂದು ತಿಳಿಯುವ ದಾರಿ ಮಾತ್ರ ಅಷ್ಟು ಸಲೀಸಲ್ಲ.

ಮೊದಲನೆಯ ತೊಡಕು ಕಾಗದದಲ್ಲೇ ಇದೆ. ಪಂದ್ಯದ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಯಾರು ಎಷ್ಟು ಅಂಕ ಗಳಿಸಿದರು, ಎಷ್ಟು ಫೌಲ್ ಮಾಡಿದರು, ತಂಡ ಯಾವಾಗ ಟೈಮ್‌ಔಟ್ ತೆಗೆದುಕೊಂಡಿತು ಎಂಬುದೆಲ್ಲ ಇರುತ್ತದೆ. ರೀಬೌಂಡ್‌ಗೆ ಅಲ್ಲಿ ಕಾಲಂ ಇಲ್ಲ. ದೊಡ್ಡ ಟೂರ್ನಿಗಳಲ್ಲಿ ಅದನ್ನು ಬರೆಯಲೆಂದೇ ಬೇರೆ ಜನ ಕೂತಿರುತ್ತಾರೆ. ನಮ್ಮ ತಾಲ್ಲೂಕು ಮೈದಾನದಲ್ಲಿ ರೀಬೌಂಡ್ ದಾಖಲಾಗುವುದು ನೆನಪಿನಲ್ಲಿ ಮಾತ್ರ. ನೆನಪಿಗೊಂದು ಚಾಳಿಯಿದೆ. ಕೊನೆಯ ನಿಮಿಷದಲ್ಲಿ ಎದುರಾಳಿಯ ಎತ್ತರದ ಹುಡುಗ ತಪ್ಪಿದ ಚೆಂಡನ್ನು ಎರಡು ಸಲ ಹಿಡಿದು ಬುಟ್ಟಿಗೆ ಹಾಕಿದ್ದನ್ನು ಅದು ಬಿಡದೆ ಇಟ್ಟುಕೊಳ್ಳುತ್ತದೆ. ಅದಕ್ಕೂ ಮುಂಚೆ ನಮ್ಮವರು ಸದ್ದಿಲ್ಲದೆ ಹಿಡಿದ ಇಪ್ಪತ್ತು ಚೆಂಡುಗಳನ್ನು ಬಿಟ್ಟುಬಿಡುತ್ತದೆ.

ರೀಬೌಂಡ್ ಎಂದರೆ ಶಾಟ್ ತಪ್ಪಿ ರಿಂಗಿಗೋ ಬೋರ್ಡಿಗೋ ಬಡಿದು ಬಂದ ಚೆಂಡನ್ನು ವಶಪಡಿಸಿಕೊಳ್ಳುವುದು. ನಾವೇ ಹೊಡೆದು ತಪ್ಪಿದ್ದನ್ನು ನಾವೇ ಹಿಡಿದರೆ ದಾಳಿಯ ರೀಬೌಂಡ್, ಎದುರಾಳಿ ತಪ್ಪಿದ್ದನ್ನು ಹಿಡಿದರೆ ರಕ್ಷಣೆಯ ರೀಬೌಂಡ್. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ಬೋರ್ಡೇ ಇರಲಿಲ್ಲ, ಹಣ್ಣಿನ ಬುಟ್ಟಿಗಳಿದ್ದವು ಅಷ್ಟೆ. ಬಾಲ್ಕನಿಯಲ್ಲಿ ಕೂತ ಪ್ರೇಕ್ಷಕರು ಕೈಚಾಚಿ ಚೆಂಡನ್ನು ತಡೆಯುತ್ತಿದ್ದುದರಿಂದ ಬುಟ್ಟಿಯ ಹಿಂದೆ ಅಡ್ಡ ಕಟ್ಟಬೇಕಾಯಿತು. ಪ್ರೇಕ್ಷಕರ ತುಂಟತನ ತಡೆಯಲು ಬಂದ ಹಲಗೆ ಆಟಕ್ಕೆ ಹೊಸದೊಂದು ವಿದ್ಯೆಯನ್ನೇ ಕೊಟ್ಟಿತು.

ಈಗ ಲೆಕ್ಕಕ್ಕೆ ಬರೋಣ. 1960ರ ನವೆಂಬರ್ 24ರಂದು ವಿಲ್ಟ್ ಚೇಂಬರ್ಲೇನ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 55 ರೀಬೌಂಡ್ ಹಿಡಿದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಆ ದಾಖಲೆ ಇಂದಿಗೂ ಮುರಿದಿಲ್ಲ. ಈಗಿನ ಕಾಲದಲ್ಲಿ ಇಡೀ ತಂಡ ಸೇರಿ ಒಂದು ಪಂದ್ಯದಲ್ಲಿ ಹಿಡಿಯುವುದೇ ಸುಮಾರು 44. ಹಾಗಾದರೆ ಇಂದಿನ ಆಟಗಾರರೆಲ್ಲ ಸೋಮಾರಿಗಳೇ? ಚೇಂಬರ್ಲೇನ್ ಅಸಾಧಾರಣ ಆಟಗಾರ ಎಂಬುದರಲ್ಲಿ ಅನುಮಾನ ಬೇಡ. ಆದರೆ ಆ ಕಾಲದಲ್ಲಿ ಆಟ ಓಡೋಡಿ ನಡೆಯುತ್ತಿತ್ತು, ಹೊಡೆಯುವ ಶಾಟ್‌ಗಳು ಹೆಚ್ಚು, ಅವುಗಳಲ್ಲಿ ನೂರಕ್ಕೆ ನಲವತ್ತೊಂದು ನಲವತ್ತೆರಡು ಮಾತ್ರ ಬುಟ್ಟಿಗೆ ಬೀಳುತ್ತಿದ್ದವು. ಗಾಳಿಯಲ್ಲಿ ತೇಲುವ ತಪ್ಪಿದ ಚೆಂಡುಗಳೇ ಬೇಕಾದಷ್ಟಿದ್ದಾಗ ಹಿಡಿದದ್ದೂ ಹೆಚ್ಚೇ ಆಗುತ್ತದೆ. ಬರೀ ಎಣಿಕೆಯನ್ನು ನಂಬಿದರೆ ಹೀಗೆ ಮೋಸ ಹೋಗುತ್ತೇವೆ.

ನಮ್ಮೂರಿನ ಅಳತೆಗೆ ಇದನ್ನು ತರಲು ಒಂದು ಕಾಲ್ಪನಿಕ ಪಂದ್ಯ ತೆಗೆದುಕೊಳ್ಳೋಣ, ಅಂಕಿಗಳು ಉದಾಹರಣೆಗಷ್ಟೆ. ರಾಮನಗರದ ಕಾಲೇಜು ತಂಡ ಚನ್ನಪಟ್ಟಣದ ತಂಡದ ಎದುರು ಸೋತಿದೆ. ರೀಬೌಂಡ್ ಲೆಕ್ಕ ನೋಡಿದರೆ ಚನ್ನಪಟ್ಟಣ 40, ರಾಮನಗರ 34. ಆರು ಕಮ್ಮಿ. ಮೇಷ್ಟ್ರ ಸಿಟ್ಟಿಗೆ ಕಾರಣ ಸಿಕ್ಕಂತಾಯಿತು. ಆದರೆ ಇನ್ನೊಂದೇ ಒಂದು ಪ್ರಶ್ನೆ ಕೇಳಿ: ಹಿಡಿಯಲು ಚೆಂಡು ಎಷ್ಟಿದ್ದವು? ರಾಮನಗರದವರು 44 ಶಾಟ್ ತಪ್ಪಿದ್ದರು, ಚನ್ನಪಟ್ಟಣದವರು 30 ಮಾತ್ರ. ರಾಮನಗರ ತನ್ನ 44 ತಪ್ಪುಗಳಲ್ಲಿ 11 ಚೆಂಡನ್ನು ವಾಪಸು ಗಳಿಸಿತು, ಅಂದರೆ ಶೇ. 25. ಚನ್ನಪಟ್ಟಣ ತನ್ನ 30ರಲ್ಲಿ ಗಳಿಸಿದ್ದು 7, ಅಂದರೆ ಶೇ. 23. ಎರಡೂ ಬುಟ್ಟಿಗಳ ಕೆಳಗೆ ರಾಮನಗರದವರದ್ದೇ ಒಂದು ಕೂದಲೆಳೆ ಮೇಲುಗೈ! ಸಾಮಾನ್ಯವಾಗಿ ತಪ್ಪಿದ ಚೆಂಡು ರಕ್ಷಣೆಯ ತಂಡದ ಪಾಲಾಗುವುದೇ ಹೆಚ್ಚು, ಏಕೆಂದರೆ ಅವರು ಬುಟ್ಟಿಗೂ ಎದುರಾಳಿಗೂ ನಡುವೆ ಮೊದಲೇ ನಿಂತಿರುತ್ತಾರೆ. ಆದ್ದರಿಂದ ಹೆಚ್ಚು ಶಾಟ್ ತಪ್ಪುವ ತಂಡ ಎದುರಾಳಿಗೆ ರೀಬೌಂಡ್‌ಗಳನ್ನು ಕೈಯಾರೆ ದಾನ ಮಾಡಿದಂತೆ.

ಇದನ್ನೇ ತಿರುಗಿಸಿ ನೋಡಿ. ರಾಮನಗರದವರು 44ರ ಬದಲು 34 ಶಾಟ್ ತಪ್ಪಿದ್ದರೆ, ಹಿಡಿಯುವ ಪ್ರಮಾಣ ಎಳ್ಳಷ್ಟೂ ಬದಲಾಗದೆ ಹೋದರೂ, ರೀಬೌಂಡ್ ಅಂತರ ಆರರಿಂದ ಒಂದಕ್ಕೆ ಇಳಿಯುತ್ತಿತ್ತು. ಯಾರೂ ಒಂದಂಗುಲ ಎತ್ತರ ನೆಗೆಯಬೇಕಾಗಿರಲಿಲ್ಲ. ಮೇಲಾಗಿ ಹತ್ತು ಬುಟ್ಟಿಗೆ ಕನಿಷ್ಠ ಇಪ್ಪತ್ತು ಅಂಕ ಕೂಡುತ್ತಿತ್ತು. ರೋಗ ಇರುವುದು ಶಾಟ್‌ನಲ್ಲಿ, ಔಷಧಿ ಹೋಗುತ್ತಿರುವುದು ಕಾಲಿಗೆ.

ರಾಮನಗರದವರಿಗೆ ಈ ವ್ಯತ್ಯಾಸ ಹೊಸದೇನಲ್ಲ, ಊರಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಅದು ದಿನಾ ನಡೆಯುವ ವ್ಯವಹಾರ. ನೂಲು ತೆಗೆಯುವ ರೀಲರ್ ಗೂಡಿನ ಲಾಟಿನ ಮುಂದೆ ನಿಂತು ತೂಕವನ್ನಷ್ಟೇ ನೋಡುವುದಿಲ್ಲ; ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾದೀತು ಎಂಬ ರೆಂಡಿಟ್ಟ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಒಳ್ಳೆಯ ದ್ವಿತಳಿ ಗೂಡಾದರೆ ಆರರ ಆಸುಪಾಸು, ಮಿಶ್ರತಳಿಯಾದರೆ ಏಳೆಂಟು. ಭಾರವಾದ ಲಾಟೇ ಒಳ್ಳೆಯ ಲಾಟು ಎಂದುಕೊಂಡವನು ನೂಲು ತೆಗೆದ ದಿನ ಬಾಯಿ ಬಡಿದುಕೊಳ್ಳುತ್ತಾನೆ. ರೀಬೌಂಡ್‌ನ ಒಟ್ಟು ಸಂಖ್ಯೆ ಗೂಡಿನ ತೂಕ. ಸಿಕ್ಕ ಅವಕಾಶದಲ್ಲಿ ಹಿಡಿದದ್ದು ಶೇಕಡಾ ಎಷ್ಟು ಎಂಬುದು ರೆಂಡಿಟ್ಟ. ಮಾರುಕಟ್ಟೆಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ: ರಾಶಿಯ ಮೇಲಿಂದ ಒಂದು ಹಿಡಿ ಎತ್ತಿ ನೋಡಿದ ಮಾತ್ರಕ್ಕೆ ಇಡೀ ಲಾಟಿನ ಗುಣ ತಿಳಿಯುವುದಿಲ್ಲ.

ಆ ಒಂದು ಹಿಡಿಯ ಪ್ರಶ್ನೆಯೇ ಈ ಲೆಕ್ಕದ ಕಷ್ಟದ ಭಾಗ. ನಾಲ್ಕು ಊರುಗಳ ನಾಲ್ಕು ತಂಡ ನಾಕೌಟ್ ಮಾದರಿಯಲ್ಲಿ ಆಡಿದರೆ ಕಪ್ ಗೆದ್ದ ತಂಡ ಕೂಡ ಆಡುವುದು ಎರಡೇ ಪಂದ್ಯ, ಮೊದಲ ದಿನವೇ ಸೋತ ತಂಡ ಒಂದೇ ಒಂದು. ಇಷ್ಟರಿಂದ ಏನನ್ನು ಹೇಳಬಹುದು?

ಒಂದು ತಂಡದ ನಿಜವಾದ ಸಾಮರ್ಥ್ಯ ರಕ್ಷಣೆಯ ಬೋರ್ಡ್ ಕೆಳಗೆ ಶೇ. 75 ಎಂದಿಟ್ಟುಕೊಳ್ಳಿ. ಅಂದರೆ ದೀರ್ಘಕಾಲದಲ್ಲಿ ನಾಲ್ಕು ಚೆಂಡಿಗೆ ಮೂರನ್ನು ಹಿಡಿಯುವ ತಂಡ, ಚೆನ್ನಾಗಿಯೇ ಆಡುತ್ತದೆ. ಒಂದು ಪಂದ್ಯದಲ್ಲಿ ಎದುರಾಳಿ 30 ಶಾಟ್ ತಪ್ಪಿದರೆ ಈ ತಂಡಕ್ಕೆ 22 ಅಥವಾ 23 ಸಿಗಬೇಕು. ಆದರೆ ಪ್ರತಿ ಪಂದ್ಯದಲ್ಲೂ ಅಷ್ಟೇ ಸಿಗುವುದಿಲ್ಲ, ಚೆಂಡು ಬೆರಳ ತುದಿ ತಾಗಿ ಆಚೀಚೆ ಹಾರುತ್ತದೆ. ಬರೀ ಅದೃಷ್ಟದಿಂದ ಎಷ್ಟು ಏರಿಳಿಯಬಹುದು ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸರಳ ಸೂತ್ರವಿದೆ. 30 ಅನ್ನು 0.75ರಿಂದ ಗುಣಿಸಿ, ಮತ್ತೆ 0.25ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಬರುವುದು ಸುಮಾರು 2.4. ಇದರ ಎರಡರಷ್ಟು ಮೇಲೆ, ಎರಡರಷ್ಟು ಕೆಳಗೆ ಹೋಗುವುದು ಮಾಮೂಲಿ. ಅಂದರೆ ಇದೇ ಒಳ್ಳೆಯ ತಂಡ ಒಂದು ದಿನ 18 ಹಿಡಿಯಬಹುದು, ಇನ್ನೊಂದು ದಿನ 27. ಶೇಕಡಾವಾರು ಹೇಳುವುದಾದರೆ 60ರಿಂದ 90ರವರೆಗೆ. 18 ಹಿಡಿದ ದಿನ ‘ನಮ್ಮ ಹುಡುಗರಿಗೆ ರೀಬೌಂಡೇ ಬರಲ್ಲ’ ಎನ್ನುತ್ತೇವೆ. 27 ಹಿಡಿದ ದಿನ ‘ಟ್ರೈನಿಂಗ್ ವರ್ಕೌಟ್ ಆಯ್ತು’ ಎನ್ನುತ್ತೇವೆ. ತಂಡ ಮಾತ್ರ ಎರಡೂ ದಿನ ಅದೇ.

ಶೇ. 75ರ ತಂಡವನ್ನೂ ಶೇ. 70ರ ತಂಡವನ್ನೂ ನಂಬಿಕೆಯಿಂದ ಬೇರ್ಪಡಿಸಿ ನೋಡಲು ಇದೇ ಸೂತ್ರದ ಪ್ರಕಾರ ಮುನ್ನೂರರಷ್ಟು ತಪ್ಪಿದ ಚೆಂಡುಗಳನ್ನು ನೋಡಬೇಕು, ಅಂದರೆ ಹತ್ತು ಪಂದ್ಯ. ಎರಡು ಶೇಕಡಾ ಅಂತರವನ್ನು ಗುರುತಿಸಲು ಅರವತ್ತಕ್ಕೂ ಮೇಲೆ. 82 ಪಂದ್ಯ ಆಡುವ ಎನ್‌ಬಿಎ ತಂಡಗಳಿಗೆ ಇದು ಸಾಧ್ಯ. ನಮ್ಮ ಕಾಲೇಜು ತಂಡದ ಹುಡುಗ ಅಷ್ಟು ಪಂದ್ಯ ಆಡುವ ಹೊತ್ತಿಗೆ ಡಿಗ್ರಿ ಮುಗಿಸಿ ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿರುತ್ತಾನೆ!

ಇದರ ಮೇಲೆ ಇನ್ನೆರಡು ಭ್ರಮೆಗಳು ಸೇರಿಕೊಳ್ಳುತ್ತವೆ. ಪಂದ್ಯದ ನಂತರ ಕೋಚ್ ಎಂಟು ಹತ್ತು ಸಂಗತಿ ಗಮನಿಸುತ್ತಾರೆ: ಶಾಟ್, ಪಾಸ್, ಫ್ರೀ ಥ್ರೋ, ಚೆಂಡು ಕಳೆದುಕೊಂಡದ್ದು, ಫೌಲ್, ರೀಬೌಂಡ್ ಹೀಗೆ. ಹತ್ತು ಸಂಗತಿ ನೋಡಿದರೆ ಯಾವುದೋ ಒಂದು ಎಲ್ಲಕ್ಕಿಂತ ಕೆಟ್ಟದಾಗಿರಲೇಬೇಕು. ಅದನ್ನು ಹೆಕ್ಕಿ ತೆಗೆದು ದೌರ್ಬಲ್ಯ ಎಂದು ಹೆಸರಿಟ್ಟರೆ ಯಾವ ತಂಡಕ್ಕೂ ಪ್ರತಿ ಪಂದ್ಯಕ್ಕೊಂದು ಹೊಸ ದೌರ್ಬಲ್ಯ ಸಿಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ತೀರಾ ಕೆಟ್ಟದಾಗಿ ಆಡಿದ ಪಂದ್ಯದ ನಂತರದ ಪಂದ್ಯ ಸಾಮಾನ್ಯವಾಗಿ ಸ್ವಲ್ಪ ಚೆನ್ನಾಗಿಯೇ ಆಗುತ್ತದೆ, ಯಾರೂ ಏನೂ ಮಾಡದಿದ್ದರೂ. ದುರದೃಷ್ಟದ ಪಾಲು ಎರಡನೆಯ ಸಲ ಅಷ್ಟೇ ಇರುವ ಸಂಭವ ಕಮ್ಮಿ ಎಂಬುದಷ್ಟೇ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆಯುತ್ತಾ ಕಂಡುಕೊಂಡ ‘ಸರಾಸರಿಯತ್ತ ಮರಳುವಿಕೆ’ ಇದೇ. ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು “ಹೊಗಳಿದರೆ ಹುಡುಗರು ಕೆಡುತ್ತಾರೆ, ಬೈದರೆ ಸುಧಾರಿಸುತ್ತಾರೆ” ಎಂಬ ಅರ್ಥದ ವಾದ ಮುಂದಿಟ್ಟಾಗ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇದೇ ವಿವರಣೆ ಕೊಟ್ಟಿದ್ದರು. ನಮ್ಮ ಮೈದಾನಗಳಲ್ಲಿ ಬೈಗುಳಕ್ಕೆ ಇರುವ ಕೀರ್ತಿಯ ದೊಡ್ಡ ಪಾಲು ಈ ಲೆಕ್ಕದಿಂದ ಬಂದದ್ದು ಎಂದೇ ನನ್ನ ಅನುಮಾನ.

ಸರಿ, ಲೆಕ್ಕವನ್ನೆಲ್ಲ ಸರಿಯಾಗಿಯೇ ಮಾಡಿದೆವು, ದೌರ್ಬಲ್ಯ ನಿಜವಾಗಿಯೂ ಇದೆ ಎಂದೇ ಗೊತ್ತಾಯಿತು ಎನ್ನಿ. ಅದರಿಂದ ನಷ್ಟ ಎಷ್ಟು? ಇದಕ್ಕೆ ಉತ್ತರ ಕೊಡುವ ಒಂದು ಘಟನೆ ರಾಮನಗರದಿಂದ ಐವತ್ತು ಕಿಲೋಮೀಟರ್ ದೂರದಲ್ಲೇ ನಡೆದಿದೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆಯಿತು. ಎರಡು ವರ್ಷ ಮುಂಚೆ, 2017ರಲ್ಲಿ, ಇದೇ ಅಂಕಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ‘ಬಿ’ ವಿಭಾಗದ ಪ್ರಶಸ್ತಿ ಗೆದ್ದು ಮೇಲಿನ ವಿಭಾಗಕ್ಕೆ ಏರಿದ್ದರು. 2019ರಲ್ಲಿ ಅವರಿಗೆ ಮೇಲಿನವರ ಆಟದ ಬಿಸಿ ಮುಟ್ಟಿತು, ಕೊನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಫೈನಲ್‌ನಲ್ಲಿ ಎತ್ತರದ ಚೀನಾ ತಂಡದ ಎದುರು ನಿಂತದ್ದು ಗಿಡ್ಡ ಜಪಾನ್. ಗೆದ್ದದ್ದು ಜಪಾನ್, 71–68ರಿಂದ. ಅದು ಅವರ ಸತತ ನಾಲ್ಕನೆಯ ಏಷ್ಯಾ ಕಪ್. 2021ರಲ್ಲಿ ಐದನೆಯದನ್ನೂ ಗೆದ್ದರು. ಆ ವರ್ಷವೇ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಕೂಟದ ಗಿಡ್ಡ ತಂಡಗಳಲ್ಲಿ ಒಂದಾಗಿದ್ದೂ, ಬೆಳ್ಳಿ ಪದಕ ತಂದರು. ಫೈನಲ್‌ನಲ್ಲಿ ಅಮೆರಿಕ 90–75ರಿಂದ ಗೆದ್ದಿತು.

ಬೋರ್ಡ್ ಕೆಳಗೆ ಎತ್ತರದವರ ಎದುರು ಕಷ್ಟ ಎಂಬುದು ಜಪಾನಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವರು ಎತ್ತರ ಬೆಳೆಯಲು ಹೋಗಲಿಲ್ಲ. ಮೂರು ಅಂಕದ ಗೆರೆಯ ಆಚೆಯಿಂದ ಹೊಡೆಯುವುದನ್ನು, ಎಲ್ಲರೂ ಓಡುವುದನ್ನು, ಎದುರಾಳಿಯ ಕೈಯಿಂದ ಚೆಂಡು ಜಾರಿಸುವುದನ್ನು ಕಲಿತರು. ಬುಟ್ಟಿಗೆ ಬಿದ್ದ ಚೆಂಡಿಗೆ ರೀಬೌಂಡ್ ಇಲ್ಲವಲ್ಲ! ಡೀನ್ ಆಲಿವರ್ ಎಂಬ ಅಮೆರಿಕದ ಅಂಕಿಅಂಶ ತಜ್ಞ 2004ರ ತನ್ನ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ ‘ನಾಲ್ಕು ಅಂಶ’ಗಳಲ್ಲೂ ಇದೇ ಕಾಣುತ್ತದೆ. ಗೆಲುವನ್ನು ನಿರ್ಧರಿಸುವುದರಲ್ಲಿ ಶಾಟ್‌ನ ನಿಖರತೆಗೆ ಸುಮಾರು ಶೇ. 40, ಚೆಂಡು ಕಳೆದುಕೊಳ್ಳದಿರುವುದಕ್ಕೆ 25, ರೀಬೌಂಡ್‌ಗೆ 20, ಫ್ರೀ ಥ್ರೋಗೆ 15 ಎಂಬುದು ಅವನ ಅಂದಾಜು. ಐದನೆಯ ಒಂದು ಭಾಗ ಸಣ್ಣದಲ್ಲ, ಆದರೆ ಅದೇ ಸರ್ವಸ್ವವೂ ಅಲ್ಲ. ನಮ್ಮ ಉದಾಹರಣೆಯಲ್ಲೇ ನೋಡಿ: ಶೇ. 75ರಿಂದ 70ಕ್ಕೆ ಕುಸಿದರೆ 30 ಚೆಂಡಿಗೆ ಒಂದೂವರೆ ಚೆಂಡು ನಷ್ಟ. ಒಂದು ಚೆಂಡು ಕೈಗೆ ಬಂದರೆ ಶಾಲಾ ಕಾಲೇಜು ಮಟ್ಟದಲ್ಲಿ ಸಿಗುವುದು ಸರಾಸರಿ ಒಂದು ಅಂಕವೂ ಇರಲಾರದು. ಒಟ್ಟಿನಲ್ಲಿ ಒಂದೂವರೆ ಅಂಕದೊಳಗಿನ ಮಾತು.

ಕೆಲವೊಮ್ಮೆ ದೌರ್ಬಲ್ಯದಂತೆ ಕಾಣುವುದು ಬೇಕೆಂದೇ ಮಾಡಿದ ಆಯ್ಕೆಯಾಗಿರುತ್ತದೆ. 1980ರ ದಶಕದಲ್ಲಿ ಎನ್‌ಬಿಎ ತಂಡಗಳು ತಮ್ಮ ತಪ್ಪಿದ ಶಾಟ್‌ಗಳಲ್ಲಿ ಮೂರರಲ್ಲಿ ಒಂದನ್ನು ವಾಪಸು ಹಿಡಿಯುತ್ತಿದ್ದವು. 2010ರ ದಶಕದ ಕೊನೆಗೆ ಅದು ನಾಲ್ಕರಲ್ಲಿ ಒಂದಕ್ಕಿಂತಲೂ ಕೆಳಗಿಳಿಯಿತು. ಆಟಗಾರರ ಕಸುವು ಕಮ್ಮಿಯಾಗಿರಲಿಲ್ಲ. ಶಾಟ್ ಬಿಟ್ಟ ಕೂಡಲೇ ಬೋರ್ಡ್ ಕಡೆ ನುಗ್ಗುವ ಬದಲು ಹಿಂದಕ್ಕೆ ಓಡಿ ಎದುರಾಳಿಯ ಮರುದಾಳಿ ತಡೆಯುವುದೇ ಲಾಭ ಎಂದು ಕೋಚ್‌ಗಳು ಲೆಕ್ಕ ಹಾಕಿದ್ದರು. ಈಚೆಗೆ ಆ ಲೆಕ್ಕವನ್ನೂ ಪ್ರಶ್ನಿಸಿ ಮತ್ತೆ ನುಗ್ಗುವ ತಂಡಗಳು ಬಂದಿವೆ.

ಇನ್ನು ಚೆಂಡಿನ ಕಡೆಗೆ ಗಮನ ಕೊಡೋಣ, ಏಕೆಂದರೆ ರೀಬೌಂಡ್ ಎಂದರೆ ಎತ್ತರ ಎಂಬ ನಂಬಿಕೆ ಅಲ್ಲೇ ಸಡಿಲವಾಗುತ್ತದೆ. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ, ಅದರ ಅಗಲ 45 ಸೆಂ.ಮೀ., ಚೆಂಡಿನದು ಸುಮಾರು 24. ಪಕ್ಕದ ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಿನ ಸಲ ಅದು ಆಚೆಯ ಬದಿಗೆ ಜಿಗಿಯುತ್ತದೆ, ಏಕೆಂದರೆ ಚೆಂಡಿಗಿರುವ ವೇಗ ಆ ದಿಕ್ಕಿನದು. 6.75 ಮೀಟರ್ ದೂರದ ಗೆರೆಯಾಚೆಯಿಂದ ಬಂದದ್ದು ಹೆಚ್ಚು ಬಿರುಸಾಗಿ ಬಡಿದು ದೂರಕ್ಕೆ ಸಿಡಿಯುತ್ತದೆ. ಬುಟ್ಟಿಯ ಬುಡದಲ್ಲಿ ಕೈ ಎತ್ತಿ ನಿಂತ ಎತ್ತರದವನ ತಲೆಯ ಮೇಲೆ ಹಾದು ಗಿಡ್ಡ ಗಾರ್ಡ್‌ನ ಕೈಗೆ ಬೀಳುತ್ತದೆ. ನಮ್ಮ ಬಯಲು ಅಂಕಣಗಳಲ್ಲಿ ಬಿಗಿಯಾದ ರಿಂಗು, ಗಟ್ಟಿ ಹಲಗೆ, ಗಾಳಿ ಕಮ್ಮಿಯಾದ ಚೆಂಡು ಸೇರಿ ಪ್ರತಿ ಬೋರ್ಡಿಗೂ ಅದರದೇ ಗುಣ ಬಂದಿರುತ್ತದೆ. ಅಲ್ಲಿಯೇ ಆಡಿ ಬೆಳೆದ ಹುಡುಗರಿಗೆ ಅದು ಗೊತ್ತು, ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ.

ಇದನ್ನೆಲ್ಲ ಅಧ್ಯಯನವೆಂದೇ ಕೈಗೊಂಡವರು ಡೆನ್ನಿಸ್ ರಾಡ್‌ಮನ್. ಎತ್ತರ 2.01 ಮೀಟರ್, ನಮಗೆ ದೈತ್ಯ, ಎನ್‌ಬಿಎಯಲ್ಲಿ ಬುಟ್ಟಿಯ ಕೆಳಗೆ ಕಾದಾಡುವವರ ನಡುವೆ ಗಿಡ್ಡ. ಆದರೂ 1992ರಿಂದ 1998ರವರೆಗೆ ಸತತ ಏಳು ಋತು ರೀಬೌಂಡ್‌ನಲ್ಲಿ ಮೊದಲಿಗರು. ಯಾರ ಕೈಯಿಂದ ಬಿಟ್ಟ ಚೆಂಡು ಹೇಗೆ ತಿರುಗುತ್ತದೆ, ತಪ್ಪಿದರೆ ಎತ್ತ ಹೋಗುತ್ತದೆ ಎಂದು ಅವರು ಸಹ ಆಟಗಾರರ ಶಾಟ್‌ಗಳನ್ನು ನೋಡಿ ನೋಡಿ ಕಲಿತಿದ್ದರು.

ಹಿಡಿದವನ ಹೆಸರಿಗೆ ಮಾತ್ರ ರೀಬೌಂಡ್ ಬರೆಯುವುದು ಇನ್ನೊಂದು ಅನ್ಯಾಯ. 2016–17ರಲ್ಲಿ ಒಕ್ಲಹೋಮ ಸಿಟಿಯ ಗಾರ್ಡ್ ರಸೆಲ್ ವೆಸ್ಟ್‌ಬ್ರೂಕ್ ಪಂದ್ಯಕ್ಕೆ 10.7 ರೀಬೌಂಡ್ ಹಿಡಿದರು. ಅದೇ ತಂಡದ ದೈತ್ಯ ಸೆಂಟರ್ ಸ್ಟೀವನ್ ಆಡಮ್ಸ್ ಹಿಡಿದದ್ದು 7.7. ಆಡಮ್ಸ್ ಬಹಳ ಸಲ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ದೂರ ಇಡುತ್ತಿದ್ದರು, ವೆಸ್ಟ್‌ಬ್ರೂಕ್ ಆರಾಮವಾಗಿ ಚೆಂಡು ಎತ್ತಿಕೊಂಡು ಓಡುತ್ತಿದ್ದರು. ಹೀಗೆ ಬೆನ್ನು ಕೊಟ್ಟು ತಡೆಯುವುದನ್ನೇ ಆಟದಲ್ಲಿ ಬಾಕ್ಸ್‌ಔಟ್ ಎನ್ನುತ್ತಾರೆ. ನಮ್ಮಲ್ಲೂ ಬಾಕ್ಸ್‌ಔಟ್ ಮಾಡಿದ ಹುಡುಗ ಬೈಸಿಕೊಳ್ಳುತ್ತಾನೆ, ಚೆಂಡು ಹಿಡಿದವನು ಚಪ್ಪಾಳೆ ಗಿಟ್ಟಿಸುತ್ತಾನೆ.

ಪಂದ್ಯ ಕಮ್ಮಿ ಇರುವ ನಮ್ಮಂಥವರಿಗೆ ದಾರಿ ಇಲ್ಲಿಯೇ ಇದೆ. ಚೆಂಡು ಯಾರ ಕೈಗೆ ಹೋಯಿತು ಎಂಬುದರಲ್ಲಿ ಅದೃಷ್ಟ ಬೆರೆತಿದೆ. ಶಾಟ್ ಗಾಳಿಯಲ್ಲಿದ್ದಾಗ ನಮ್ಮ ಐವರಲ್ಲಿ ಎಷ್ಟು ಮಂದಿ ತಿರುಗಿ ಎದುರಾಳಿಗೆ ಬೆನ್ನು ಕೊಟ್ಟರು ಎಂಬುದರಲ್ಲಿ ಅದೃಷ್ಟದ ಪಾಲು ತೀರಾ ಕಮ್ಮಿ. ಒಂದು ಪಂದ್ಯದಲ್ಲಿ ಎದುರಾಳಿ 30 ಶಾಟ್ ತಪ್ಪಿದರೆ ಐವರಿಗೆ ಸೇರಿ 150 ಅವಕಾಶ. ಮೂವತ್ತರ ಜಾಗದಲ್ಲಿ ನೂರೈವತ್ತು ಗಮನಿಕೆ ಸಿಗುವುದರಿಂದ ಒಂದೆರಡು ಪಂದ್ಯದಲ್ಲೇ ಒಂದು ಚಿತ್ರ ಮೂಡುತ್ತದೆ. ನೂರೈವತ್ತೂ ಒಂದರಿಂದೊಂದು ಪೂರ್ತಿ ಸ್ವತಂತ್ರವಲ್ಲ, ದಣಿದ ತಂಡದ ಐವರೂ ಒಟ್ಟಿಗೇ ಸೋಮಾರಿಗಳಾಗುತ್ತಾರೆ, ನಿಜ. ಆದರೂ ಮೂವತ್ತಕ್ಕಿಂತ ವಾಸಿ. ಐವರಲ್ಲಿ ಇಬ್ಬರೇ ತಿರುಗುತ್ತಿದ್ದಾರೆ ಎಂದು ಕಂಡರೆ ದೌರ್ಬಲ್ಯ ನಿಜ, ಆ ದಿನ 27 ಚೆಂಡು ಸಿಕ್ಕಿದ್ದರೂ. ಐವರೂ ತಿರುಗಿದ್ದು 18 ಮಾತ್ರ ಸಿಕ್ಕಿದ್ದರೆ ಸುಮ್ಮನೆ ಮುಂದಿನ ಪಂದ್ಯಕ್ಕೆ ಹೋಗಬಹುದು.

ನಾಲ್ಕೂ ಊರುಗಳ ದೈಹಿಕ ಶಿಕ್ಷಕರಲ್ಲಿ ಹಾಗಾಗಿ ಒಂದು ಕೋರಿಕೆ. ಮುಂದಿನ ಕ್ರೀಡಾಕೂಟದಲ್ಲಿ ಬೆಂಚಿನ ಮೇಲೆ ಕೂತ ಆರನೆಯ ಹುಡುಗನ ಕೈಗೆ ಒಂದು ನೋಟ್‌ಬುಕ್, ಪೆನ್ನು ಕೊಡಿ. ಪ್ರತಿ ಸಲ ಶಾಟ್ ತಪ್ಪಿದಾಗ ಯಾವ ತಂಡ ತಪ್ಪಿತು, ಯಾವ ತಂಡ ಹಿಡಿಯಿತು, ನಮ್ಮವರಲ್ಲಿ ಎಷ್ಟು ಜನ ಬೆನ್ನು ಕೊಟ್ಟರು ಎಂದು ಮೂರು ಗೀಟು ಹಾಕಲಿ. ಆ ಪುಟವನ್ನು ಹರಿಯದೆ ಇಟ್ಟುಕೊಂಡು ಮುಂದಿನ ವರ್ಷದ ಪುಟವನ್ನು ಅದರ ಪಕ್ಕಕ್ಕೆ ಸೇರಿಸಿ. ಹುಡುಗರನ್ನು ಬೈಯುವುದಿದ್ದರೆ ಆ ಪುಟ ನೋಡಿದ ಮೇಲೆ ಬೈಯಿರಿ.